ಹೊಸ್ತಿನ ಊಟಕ್ಕೆ ಅಪ್ಪಣೆ

ಫೋನಿನ ಮೇಲೆ ಹೊದಿಸಿದ ಬಟ್ಟೆ ಮತ್ತೆ ಜಾರಿದೆ, ಒಂದು ಮೂಲೆ ನೆಲಕ್ಕೆ ತಾಗುತ್ತಿದೆ, ಯಾರು ಎಳೆದದ್ದು ಎಂದು ಕೇಳಬೇಕಾಗಿಯೇ ಇಲ್ಲ, ತುದಿಗಾಲಲ್ಲಿ ನಿಂತು ಅದನ್ನು ಎಳೆಯುವವಳು ಈ ಮನೆಯಲ್ಲಿ ಒಬ್ಬಳೇ, ನಾಲ್ಕು ತುಂಬಿ ಐದಕ್ಕೆ ಬಿದ್ದ ನನ್ನ ಪ್ರಣೀತಾ, ಬೆಳಕು ಹರಿಯುವ ಮೊದಲೇ ಎದ್ದು ಚಾವಡಿಯಿಡೀ ಸವಾರಿ ಮಾಡಿದ್ದಾಳೆ, ಆಗಲಿ, ಇವತ್ತು ಹೊಸ್ತು, ಹೊಸ ಅಕ್ಕಿ ಉಣ್ಣುವ ಹಬ್ಬ, ಇವತ್ತು ಯಾರಿಗೂ ಬೈಯುವುದಿಲ್ಲ — ಗದ್ದೆಯ ಕಡೆ ಟಾರ್ಚಿನ ಬೆಳಕು ಹೊಯ್ದಾಡುತ್ತಿದೆ, ಅಪ್ಪ ಮಗ ಕದಿರು ತರಲು ಹೋಗಿದ್ದಾರೆ, ಇಷ್ಟು ವರ್ಷ ಆಚೆಮನೆಯ ಭೋಜಣ್ಣ ತಂದುಕೊಡುತ್ತಿದ್ದ ಹೊಸ ಭತ್ತದ ತೆನೆ, ಈ ಸಲ ನನ್ನ ಗಂಡನೇ ತಲೆಗೆ ಬೈರಾಸ ಸುತ್ತಿಕೊಂಡು ಹೋಗಿದ್ದಾರೆ, ಮದುವೆಯಾದ ಮೇಲೆ ಇದೇ ಮೊದಲ ಸಲ ಹೊಸ್ತಿನ ದಿನ ತೆಕ್ಕಟ್ಟೆಯಲ್ಲಿದ್ದಾರೆ, ಅದೂ ನಮ್ಮ ಮೇಲಿನ ಪ್ರೀತಿಯಿಂದ ಬಂದವರಲ್ಲ, ಕಾಮಾಲೆ ಕರೆತಂದದ್ದು, ಬೊಂಬಾಯಿಯಲ್ಲಿ ಇವರ ಅಣ್ಣ ಪ್ರೇಮಾನಂದನ ಕ್ಯಾಂಟೀನಿನಲ್ಲಿ ಕಣ್ಣು ಹಳದಿಯಾಗಿ, ಸೋಣೆ ತಿಂಗಳ ಮಳೆಯಲ್ಲಿ ಕುಂದಾಪುರದಲ್ಲಿ ರೈಲಿಳಿದಾಗ ಶೇಖರ ಎನ್ನುವ ಮನುಷ್ಯ ಅಂಗಿಯೊಳಗೆ ಎಲ್ಲಿದ್ದಾರೆ ಎಂದು ಹುಡುಕಬೇಕಿತ್ತು, ನಾಟಿ ಮದ್ದು, ಪಥ್ಯ, ಸಪ್ಪೆ ಗಂಜಿ, ಈಗ ಕೆನ್ನೆ ತುಂಬಿದೆ, ಕೆನ್ನೆ ತುಂಬಿದ್ದೇ ತಡ ಟಿಕೇಟೂ ಬಂದಿದೆ, ದೇವರ ಪಟದ ಹಿಂದೆ ಸಿಕ್ಕಿಸಿಟ್ಟಿದ್ದಾರೆ, ಸೋಮವಾರದ ರೈಲು, ದೀಪಾವಳಿಗೂ ನಿಲ್ಲುವುದಿಲ್ಲವಂತೆ. ಬಿಡುವುದಿಲ್ಲ ನಾನು. ತಿಂಗಳಿಡೀ ನಾಲಗೆ ತುದಿಗೆ ಬಂದದ್ದನ್ನು ನುಂಗಿದ್ದು ಸಾಕು, ಇವತ್ತು ಹೇಳಿಯೇ ಹೇಳುತ್ತೇನೆ, ಹೊತ್ತೂ ಗೊತ್ತು ಮಾಡಿಕೊಂಡಿದ್ದೇನೆ — ಹೊಸ ಅಕ್ಕಿಯ ಅನ್ನದ ಮುಂದೆ ಕೂತು, ತುತ್ತೆತ್ತುವ ಮುಂಚೆ ಚಿಕ್ಕವರು ದೊಡ್ಡವರನ್ನು ಒಬ್ಬೊಬ್ಬರಾಗಿ ಕೇಳಬೇಕಲ್ಲ, ನಾನ್ ಹೊಸ್ತ್ ಉಣ್ತೆ, ಅವರು ಉಣ್ ಅನ್ನಬೇಕು, ಎಲ್ಲರ ಬಾಯಿಂದ ಉಣ್ ಬರುವ ತನಕ ಅನ್ನ ಮುಟ್ಟುವ ಹಾಗಿಲ್ಲ, ಆ ಹೊತ್ತಿನಲ್ಲಿ ಕೇಳಿದವರಿಗೆ ಇಲ್ಲ ಅಂದವರನ್ನು ನಾನು ಕಂಡಿಲ್ಲ, ಮಾತು ಬಿಟ್ಟ ಅಣ್ಣತಮ್ಮಂದಿರೂ ಅವತ್ತು ಮುಖ ಎತ್ತಿ ಉಣ್ ಅನ್ನುತ್ತಾರೆ, ಅದೇ ಉಸಿರಿನಲ್ಲಿ ಕೇಳುತ್ತೇನೆ, ಹೊಸ್ತ್ ಉಣ್ತೆ, ಇನ್ನ್ ನೀವ್ ಹೋಪುದ್ ಬ್ಯಾಡ. ಅಷ್ಟೇ, ಅದಕ್ಕಿಂತ ಉದ್ದ ಬೇಡ, ಉದ್ದವಾದರೆ ಅಳು ಬರುತ್ತದೆ.

ಬಂದರು ಬಂದರು, ಜಾಗಟೆ ಎಲ್ಲಿ, ಜಾಗಟೆ ಇವಳ ಕೈಯಲ್ಲೇ ಇದೆ, ಬಾರಿಸು ಮಗಳೇ ಅಂದರೆ ನವರಾತ್ರಿಯಲ್ಲಿ ಕೇಳಿದ ಹುಲಿವೇಷದ ಧಾಟಿಯಲ್ಲಿ ಬಡಿಯುತ್ತಾಳೆ, ಜೊತೆಗೆ ಸೊಂಟವೂ ಕುಣಿಯುತ್ತದೆ, ಇದೇ ಹುಡುಗಿ ಮೊನ್ನೆ ಹುಲಿ ಅಂಗಳಕ್ಕೆ ಬಂದಾಗ ಅಪ್ಪನ ಲುಂಗಿಯೊಳಗೆ ತಲೆ ತೂರಿಸಿದ್ದು, ಅತ್ತೆ ಜಗಲಿಯಿಂದ ಮೊಮ್ಮಗಳಿಗೆ, ದೇವ್ರ್ ಕೆಲ್ಸ ಹೆಣೆ, ಹುಲಿ ಕುಣ್ಸುದಲ್ಲ ಅನ್ನುತ್ತಾರೆ, ಅಂದವರೇ ನಗುತ್ತಾರೆ, ಇವರು ತಲೆಯ ಮೇಲೆ ತೆನೆಯ ಕಟ್ಟು ಹೊತ್ತು ಮೆಟ್ಟಿಲ ಬುಡದಲ್ಲಿ ನಿಂತಿದ್ದಾರೆ, ಚೊಂಬಿನ ನೀರು ಹೊಯ್ಯುತ್ತೇನೆ, ಆ ಪಾದಗಳಲ್ಲಿ ಗದ್ದೆಯ ಕೆಸರು, ಎಷ್ಟು ಚಂದ ಕಾಣುತ್ತದೆ ಕೆಸರು ಈ ಕಾಲಿಗೆ, ಹಿಂದೆ ಪ್ರಖ್ಯಾತ್, ಮುಂದಿನ ಹಲ್ಲೆರಡೂ ಹೋದ ಬಾಯಿ, ತನ್ನಷ್ಟೇ ದಪ್ಪದ ಸೌತೆಕಾಯಿ ತಬ್ಬಿಕೊಂಡಿದ್ದಾನೆ, ಅಮ್ಮಾ, ಹಾವ್ ಕಂಡೆ ಗೊತ್ತಿತ್ತಾ, ಹಾವಲ್ಲ ಮಾರಾಯ, ಹಗ್ಗ ಅದ್, ಅಲ್ಲ ಅಪ್ಪಯ್ಯ ಅದ್ ಹಾವೇ, ಹಗ್ಗ ಓಡುದಿಲ್ಲೆ. ಪೂಜೆ ಮುಗಿದದ್ದೇ ಕಟ್ಟುವ ಸಂಭ್ರಮ, ಮಾವಿನೆಲೆ ಹಲಸಿನೆಲೆ ಬಿದಿರೆಲೆ, ನಡುವೆ ತೆನೆ, ಸುತ್ತ ನಾರು, ಇವರು ಕಟ್ಟುವುದು ಕ್ಯಾಂಟೀನಿನ ಪಾರ್ಸೆಲ್ಲಿನ ಹಾಗೆ, ಗಂಟು ಕಾಣುವುದೇ ಇಲ್ಲ, ಮಗನದ್ದು ಅರ್ಧ ಬಿಚ್ಚಿ ಹೋಗುತ್ತದೆ, ಮಗಳದ್ದು ಗಂಟಿನ ಮೇಲೆ ಗಂಟು, ತೆನೆಯೇ ಕಾಣುವುದಿಲ್ಲ, ತುಳಸಿಕಟ್ಟೆಗೆ, ಕಂಬಕ್ಕೆ, ಬಾವಿಗೆ, ಹಟ್ಟಿಗೆ, ಅಕ್ಕಿ ಡಬ್ಬಕ್ಕೆ, ಅಲ್ಲಿಗೆ ಶಾಸ್ತ್ರ ಮುಗಿಯಿತು, ಆಮೇಲೆ ಮಕ್ಕಳ ಶಾಸ್ತ್ರ, ಟೀವಿಗೆ, ಸೈಕಲ್ಲಿಗೆ, ಬೆಕ್ಕಿನ ಬಾಲಕ್ಕೆ ಕಟ್ಟಲು ಹೋಗಿ ಅದು ಅಟ್ಟ ಹತ್ತಿ ಕೂತಿದೆ, ಕೊನೆಗೊಂದು ಫೋನಿಗೆ, ರಿಸೀವರಿನ ಸುರುಳಿ ವಯರಿಗೆ, ಅಪ್ಪನೇ ಎತ್ತಿ ಹಿಡಿದು ಕಟ್ಟಿಸಿದರು, ಫೋನಿಗೆಂತಕೆ ಮಗಳೇ, ಅದ್ಕೂ ಹೊಸ್ತಲ್ದಾ, ಎಲ್ಲರೂ ನಕ್ಕೆವು. ಬೀಜಾಡಿಯಿಂದ ಮೀನು ಮಾರಲು ಬರುವ ಬಾಗಿ ಬುಟ್ಟಿ ಹೊತ್ತು ಬೇಲಿಯ ದಣಪೆಯಲ್ಲಿ ನಿಂತು ಹ್ವಾಯ್ ಅನ್ನುತ್ತಾಳೆ, ಇವತ್ತ್ ಮೀನ್ ಬ್ಯಾಡ ಬಾಗಿ ಅಂದರೆ, ಗೊತ್ತಿತ್ತ್ ಅಮ್ಮಾ, ಬುಟ್ಟಿಗ್ ಕಟ್ಟುಕೆ ಒಂದ್ ಕದಿರ್ ಕೊಡಿ ಅಂದ್ಹೇಳಿ ಬಂದೆ, ಮಕ್ಕಳಿಬ್ಬರೂ ಬುಟ್ಟಿಗೆ ಬಿದ್ದು ಕಟ್ಟಿದ್ದೇ ಕಟ್ಟಿದ್ದು, ಹೊರಡುವಾಗ ಅವಳೂ ಕೇಳಿಯೇಬಿಟ್ಟಳು, ಶೇಖರಣ್ಣ, ಹೋಪುದ್ ಯಾವಾಗ, ಬೊಂಬಾಯಿಯವರನ್ನು ಕಂಡರೆ ಈ ಊರಿನ ಬಾಯಿಗೆ ಬರುವುದು ಎರಡೇ ಮಾತು, ಯಾವಾಗ ಬಂದದ್, ಯಾವಾಗ ಹೋಪುದ್, ಸೋಮವಾರ ಬಾಗಿ, ಎಂದರು ಇವರು, ಎಷ್ಟು ಸಲೀಸಾಗಿ, ಕುಂದಾಪುರ ಪೇಟೆಗೆ ಹೋಗಿಬರುವವರ ಹಾಗೆ. ನನಗೆ ಮೈಯೆಲ್ಲ ಉರಿಯಿತು, ಒಳಗೆ ಬಂದು ಹರಿವೆ ದಂಟು ಹೆಚ್ಚಿದೆ.

ಹೆಚ್ಚುತ್ತ ಹೆಚ್ಚುತ್ತ ಸಿಟ್ಟು ಇಳಿಯಿತು, ದಂಟಿನ ಕೆಂಪು ಬೆರಳಿಗೆಲ್ಲ ಹತ್ತಿದೆ, ಸೀರೆಗೆ ಒರೆಸಬಾರದು — ಇಲ್ಲಿ ಇದ್ದು ಮಾಡುವುದು ಎಂತ ಅನ್ನುತ್ತಾರೆ ಇವರು, ಮಾಡುವುದು ಇಲ್ಲವೇ, ಹೆದ್ದಾರಿಯ ಬದಿಯ ತನ್ನ ಹೋಟೆಲು ಒಬ್ಬನ ಕೈಯಲ್ಲಿ ಸಾಗುವುದಿಲ್ಲ, ನೀ ಬಾ ಶೇಖರ, ಒಟ್ಟಿಗ್ ನಡ್ಸುವ ಎಂದು ಭೋಜಣ್ಣ ಎಷ್ಟು ಸಲ ಕರೆದಾಯಿತು, ಅಣ್ಣನ ಮಾತು ಮೀರುವುದು ಹೇಗೆ ಅನ್ನುತ್ತಾರೆ, ಅಣ್ಣನಿಗೆ ಇನ್ನೊಬ್ಬ ಕೆಲಸದವನು ಸಿಕ್ಕುತ್ತಾನೆ, ಇವರಿಗೆ ಈ ದಿನಗಳು ಇನ್ನೆಲ್ಲಿ ಸಿಕ್ಕುತ್ತವೆ, ಈ ತಿಂಗಳಲ್ಲೇ ಏನೆಲ್ಲ ಕಂಡರು, ಮಳೆ ಬಿಟ್ಟ ಮೇಲೆ ಅಂಗಳದ ಪಾಚಿಯಲ್ಲಿ ಮಗ ಜಾರಿ ಬಿದ್ದದ್ದು, ಬಿದ್ದವನು ಅಳುವ ಮೊದಲು ಯಾರಾದರೂ ಕಂಡರೋ ಎಂದು ಸುತ್ತ ನೋಡಿದ್ದು, ಗದ್ದೆಯಂಚಿನಲ್ಲಿ ಹಿಡಿದ ಏಡಿಯನ್ನು ಶಾಲೆಯ ಕಂಪಾಸು ಪೆಟ್ಟಿಗೆಯಲ್ಲಿ ಹಾಕಿಟ್ಟದ್ದು, ಸಂಜೆಯ ಗುಡುಗಿಗೆ ಮಗಳು ನೀನ್ ಸುಮ್ನಿರ್ ಅಂದು ಬೆರಳು ತೋರಿಸಿ ಗದರಿಸಿದ್ದು, ಬೆಳಿಗ್ಗೆ ಹುಲ್ಲಿನ ಇಬ್ಬನಿಯನ್ನು ಕೆನ್ನೆಗೆ ಹಚ್ಚಿಕೊಂಡು ಪೌಡರ್ ಹಾಕ್ಕಂಡೆ ಅಂದದ್ದು, ದಸರಾ ರಜೆಯಿಡೀ ಬಚ್ಚಲಿನಲ್ಲಿ ಇಬ್ಬರನ್ನೂ ಮೀಯಿಸಿದ್ದು ಅವರೇ, ಮೊದಲ ದಿನ ಸಾಬೂನು ಕಣ್ಣಿಗೆ ಹೋಗಿ ಊರಿಗೆಲ್ಲ ಕೇಳುವ ಕೂಗು, ಈಗ ಅಪ್ಪಯ್ಯನೇ ಮೀಯ್ಸ್ಕ್, ಜಡೆಯನ್ನೂ ಕಲಿತರು, ಎಳೆ ಎಣಿಸುತ್ತ ಎಣಿಸುತ್ತ ಮಧ್ಯದಲ್ಲಿ ಮರೆತು ಮತ್ತೆ ಬಿಚ್ಚಿ, ಅವಳು ತಲೆ ಒಡ್ಡಿಕೊಂಡು ಅಷ್ಟು ಹೊತ್ತು ಕೂತಿರುತ್ತಾಳೆ, ನಾನು ಹೆಣೆಯುವಾಗ ಅರೆಗಳಿಗೆ ಕೂರದವಳು. ಸಂತೋಷ ನನಗೆ, ಹೊಟ್ಟೆಕಿಚ್ಚೂ ಇದೆ, ಇರಲಿ. ಈ ಸಂತೋಷವನ್ನೆಲ್ಲ ಇಷ್ಟು ವರ್ಷ ಒಬ್ಬಳೇ ಉಂಡೆನಲ್ಲ, ರಾತ್ರಿ ಫೋನಿನಲ್ಲಿ ಹೇಳಲು ಹೋದರೆ ಅರ್ಧಕ್ಕೇ ಕ್ಯಾಂಟೀನಿನ ಗಲಾಟೆ, ಆ ಏಡಿಯನ್ನು ಫೋನಿನಲ್ಲಿ ಹೇಗೆ ತೋರಿಸುವುದು, ಮತ್ತೆ ದೀಪಾವಳಿ, ಕತ್ತಲಾಗುವಾಗ ಗದ್ದೆಗೆ ದೀಪ ಇಟ್ಟು ಬಲೀಂದ್ರನನ್ನು ಕೂಗುವುದು ಗಂಡಸರ ಕೆಲಸ, ಹೋದ ವರ್ಷ ಪ್ರಖ್ಯಾತನೇ ಕೂಗಿದ, ಕೋಲು ದೊಂದಿ ಅವನಿಗಿಂತ ಎತ್ತರ, ಕೂ ಅನ್ನುವಾಗ ಸ್ವರ ಒಡೆದು ಕೋಳಿಮರಿಯ ಹಾಗಾಯಿತು, ಸುತ್ತಲಿನ ಗದ್ದೆಗಳಿಂದ ಬೇರೆ ಮನೆಯ ಅಪ್ಪಂದಿರ ದೊಡ್ಡ ಕೂಗು, ಈ ಮಗು ಬಿಡಲಿಲ್ಲ, ಮತ್ತೆ ಮತ್ತೆ ಕೂಗಿದ, ಆ ಕೂಗನ್ನು ಈ ಸಲ ಇವರು ಕೇಳಲೇಬೇಕು, ಪಕ್ಕದಲ್ಲಿ ನಿಂತು ಜೊತೆಗೆ ಕೂಗಬೇಕು. ಹೊಸ ಭತ್ತದ ಕಾಳು ಉಗುರಿನಿಂದ ಸುಲಿದು ಪಾಯಸಕ್ಕೆ ಹಾಕಬೇಕು, ಮಗಳು ಬಂದು ಮಡಿಲಲ್ಲಿ ಕೂತಿದ್ದಾಳೆ, ಒಂದು ಕಾಳು ಪಾತ್ರೆಗೆ, ಒಂದು ಬಾಯಿಗೆ, ಉಂಬುಕೆ ಮುಂಚೆ ಕೇಣ್ಕಲ್ದಾ ಮಗಳೇ ಅಂದರೆ, ಉಗುಳಿದಳು, ಗೊತ್ತಿತ್ತ್ ನಂಗೆ, ಅಜ್ಜಿ ಹತ್ರ ಕೇಣ್ಕ್, ನಿನ್ ಹತ್ರ ಕೇಣ್ಕ್, ಅಣ್ಣನ ಹತ್ರ ಕೇಣ್ಕ್, ಅಪ್ಪಯ್ಯನ ಹತ್ರ ಕೇಣ್ಕ್, ಎಲ್ಲ ಗೊತ್ತಿತ್ತ್, ಹೌದು, ಗೊತ್ತಿಲ್ಲದೆ ಏನು, ಮಾತು ಬಂದ ವರ್ಷದಿಂದ ಪ್ರತಿ ಹೊಸ್ತಿಗೂ ಬೊಂಬಾಯಿಗೆ ಫೋನು ಹಚ್ಚಿ ಕೇಳಿಸುತ್ತಿದ್ದೆನಲ್ಲ, ಆ ಕಪ್ಪು ರಿಸೀವರು ಅವಳ ಇಡೀ ಕೆನ್ನೆ ಮುಚ್ಚುತ್ತಿತ್ತು, ಎರಡೂ ಕೈಯಲ್ಲಿ ಹಿಡಿದು, ಅಪ್ಪಯ್ಯಾ, ಹೊಚ್ಚ್ ಉಣ್ತೆ, ಆ ಕಡೆಯಿಂದ ಉಣ್ ಬಂದದ್ದೇ ಮುಖ ಅರಳಿ ಎಲೆಗೆ ಓಡುತ್ತಿದ್ದಳು, ಇವರು ಬಂದ ಹೊಸತರಲ್ಲಿ ಇವರ ಹೆಗಲ ಮೇಲೆ ಕೂತೇ ಒಂದು ದಿನ ಕೇಳಿದ್ದಳು, ಬೊಂಬಾಯಿ ಅಪ್ಪಯ್ಯ ಯಾವಾಗ ಬತ್ರ್, ಅವತ್ತು ಎಲ್ಲರೂ ಹೊಟ್ಟೆ ತುಂಬ ನಕ್ಕೆವು, ಇವರೂ ನಕ್ಕರು, ರಾತ್ರಿಯ ಗಂಜಿಯನ್ನು ಮಾತ್ರ ಪೂರ್ತಿ ಉಣ್ಣಲಿಲ್ಲ. ಈಗ ಅದೆಲ್ಲ ಇಲ್ಲ, ಮರೆತಿದ್ದಾಳೆ, ಪಾಯಸಕ್ಕೆ ಏಲಕ್ಕಿ ಹಾಕಿದೆನೋ ಇಲ್ಲವೋ.

ಎಲೆ ಹಾಕಿಯಾಯಿತು, ಇವತ್ತು ಬಡಿಸಿಟ್ಟು ಎಲ್ಲರೂ ಒಟ್ಟಿಗೇ ಕೂರುವುದು, ಅತ್ತೆ, ಇವರು, ಪ್ರಖ್ಯಾತ್, ಪ್ರಣೀತಾ, ಕೊನೆಗೆ ನಾನು, ಅನ್ನದಿಂದ ಹಬೆ ಏಳುತ್ತಿದೆ, ಸ್ವಂತ ಗಂಡನ ಹತ್ತಿರ ಒಂದು ಮಾತು ಕೇಳಲು ಇಷ್ಟೊಂದು ಹೆದರಿಕೆಯೇ, ಹೆದರಿಕೆಯಲ್ಲ, ಹಟ — ಇವರು ಅತ್ತೆಯ ಕಡೆ ತಿರುಗಿದರು, ಅಮ್ಮ, ಹೊಸ್ತ್ ಉಣ್ತೆ, ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡು, ಉಣ್ ಮಗಾ, ಉಣ್, ಎರಡೆರಡು ಸಲ, ನಾನು ಅತ್ತೆಯ ಹತ್ತಿರ ಕೇಳಿದೆ, ಇವರ ಹತ್ತಿರ ಕೇಳುವುದನ್ನು ಕೊನೆಗಿಟ್ಟುಕೊಂಡೆ, ಮಕ್ಕಳದ್ದು ಮುಗಿಯಲಿ, ಪ್ರಖ್ಯಾತ್ ಹಲ್ಲಿಲ್ಲದ ಬಾಯಲ್ಲಿ ಗಾಳಿ ಬಿಡುತ್ತ ಅಜ್ಜಿಗೆ, ಅಪ್ಪಯ್ಯನಿಗೆ, ನನಗೆ ಸರಸರ ಕೇಳಿ ಮುಗಿಸಿದ, ಹಸಿವು ಅವನಿಗೆ, ಇವಳು ನಿಧಾನ, ಅಜ್ಜೀ, ನಾನ್ ಹೊಸ್ತ್ ಉಣ್ತೆ, ಉಣ್ ಮಗಾ, ಅಮ್ಮಾ, ಹೊಸ್ತ್ ಉಣ್ತೆ, ಉಣ್ ಮಗಳೇ, ಅಣ್ಣಾ, ಹೊಸ್ತ್ ಉಣ್ತೆ, ಉಣ್ ಬೇಗ ಉಣ್, ಇವರು ಕಾದು ಕೂತಿದ್ದಾರೆ, ಬೆನ್ನು ನೆಟ್ಟಗೆ ಮಾಡಿ, ಬಾಯಿ ಆಗಲೇ ಉಣ್ ಅನ್ನಲು ಸ್ವಲ್ಪ ತೆರೆದಿದೆ, ನೇರವಾಗಿ, ಫೋನಿಲ್ಲದೆ, ಮಗಳ ಮುಖ ನೋಡಿ ಹೇಳುವ ಮೊದಲ ಉಣ್, ನನ್ನ ನಾಲಗೆಯ ಮೇಲೆ ನನ್ನ ಮಾತು ಸಿದ್ಧವಾಗಿದೆ, ಇವಳದ್ದಾದ ಮೇಲೆ ನನ್ನದೇ — ಅವಳು ಎದ್ದಳು. ಎಲ್ಲಿಗ್ ಹೆಣೆ, ಎಲೆ ಬಿಟ್ಟ್ ಏಳುಕಾಗ, ಅತ್ತೆ ಕೂಗುತ್ತಿದ್ದಾರೆ, ಇವರ ಎಲೆಯ ಮುಂದಿನಿಂದಲೇ ಲಂಗ ಎತ್ತಿ ಹಿಡಿದು ದಾಟಿ ಹೋದಳು, ಅಪ್ಪಯ್ಯನ ಹತ್ರ ಕೇಣ್ಕ್ ಅಜ್ಜಿ, ಮಣೆ ಎಳೆದಳು, ಮಣೆಯ ಮೇಲೆ ಹತ್ತಿದಳು, ಬಟ್ಟೆ ಜಾರಿ ಬಿತ್ತು, ಕಪ್ಪು ರಿಸೀವರು ಕೆನ್ನೆಗೆ, ಅಪ್ಪಯ್ಯಾ, ನಾನ್ ಹೊಸ್ತ್ ಉಣ್ತೆ. ಯಾರೂ ನಗಲಿಲ್ಲ. ಪ್ರಖ್ಯಾತನೂ ನಗಲಿಲ್ಲ. ಫೋನಿನೊಳಗಿನ ಕುಂಯ್ ಎನ್ನುವ ಸದ್ದು ಇಲ್ಲಿಯ ತನಕ ಕೇಳಿಸುತ್ತಿದೆ, ಅಥವಾ ನನ್ನ ಕಿವಿಯೇ ಹಾಗನ್ನುತ್ತಿದೆ, ಉಣ್ ಮಗಳೇ, ಎಂದರು ಇವರು ಕೂತಲ್ಲಿಂದ, ಉಣ್, ಅಪ್ಪಯ್ಯ ಇಲ್ಲೇ ಇದ್ದೆ ಕಾಣ್, ಅವಳು ತಿರುಗಿ ತುಟಿಗೆ ಬೆರಳಿಟ್ಟಳು, ಅಪ್ಪಯ್ಯಾ, ಸುಮ್ನಿರಿ, ಅಪ್ಪಯ್ಯ ಹೇಳುಕಿತ್ತ್.

ಇವರು ಎದ್ದರು, ಅನ್ನದ ಮುಂದಿನಿಂದ ಎದ್ದರು, ಅತ್ತೆ ತಡೆಯಲಿಲ್ಲ, ಹೋಗಿ ಅವಳ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತರು, ಅವಳು ಇನ್ನೂ ಸ್ವಲ್ಪ ಹೊತ್ತು ಕೇಳಿದಳು, ತುಟಿ ಸೊಟ್ಟಗಾಯಿತು, ಮಾತಾಡುದೇ ಇಲ್ಲೆ, ನೀವೇ ಕೇಣಿ, ಎಂದು ರಿಸೀವರನ್ನು ಇವರ ಕಿವಿಗೆ ಹಿಡಿದಳು, ಇವರು ತೆಗೆದು ಕೆಳಗಿಡಬಹುದಿತ್ತು, ಇಡಲಿಲ್ಲ, ಕೇಳುತ್ತಿದ್ದಾರೆ, ಕಣ್ಣು ಮುಚ್ಚಿ ಕೇಳುತ್ತಿದ್ದಾರೆ, ಈಗ ಹೇಳಬೇಕು ನಾನು, ಈಗಲೇ, ಹೇಳಿಯೇ ಹೇಳುತ್ತೇನೆ ಎಂದಿದ್ದೆನಲ್ಲ, ದೇವರ ಪಟದ ಹಿಂದೆ ಟಿಕೇಟು, ಸೋಮವಾರ, ಹೊಸ್ತ್ ಉಣ್ತೆ, ಇನ್ನ್ ನೀವ್ — ಮಾತು ಮುಂದೆ ಹೋಗುವುದಿಲ್ಲ, ಅನ್ನ ಆರುತ್ತಿದೆ, ಆ ಕಪ್ಪು ರಿಸೀವರು, ಅದನ್ನು ಹಿಡಿದ ಆ ಪುಟ್ಟ ಕೈ, ಸುರುಳಿ ವಯರಿನಲ್ಲಿ ಬೆಳಿಗ್ಗೆ ಅವರೇ ಎತ್ತಿ ಹಿಡಿದು ಕಟ್ಟಿಸಿದ ತೆನೆ, ತೆನೆ ನಡುಗುತ್ತಿದೆ, ಅವಳ ಕೈ ನಡುಗುತ್ತಿಲ್ಲ, ರಿಸೀವರಿಗೆ ಕಿವಿಯೊತ್ತಿದ ಇವರೇ ಬಿಕ್ಕುತ್ತಿದ್ದಾರೆ, ತೆನೆ ನಡುಗುತ್ತಿದೆ, ಆ ಕಪ್ಪು ರಿಸೀವರು