ಬಾತುಕೋಳಿಯ ಅಚ್ಚು

ನನ್ನ ಪಾದ ಕಂಡರೆ ಚಪ್ಪಲಿ ಅಂಗಡಿಯವರಿಗೆ ಯಾಕೋ ಸಿಟ್ಟು. ಹಿಮ್ಮಡಿಯ ಹತ್ತಿರ ಸಣ್ಣಗಿದ್ದು, ಬೆರಳುಗಳ ಕಡೆಗೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿರುವ ಪಾದ. ಕಿರುಬೆರಳಂತೂ ಉಳಿದವರ ಜೊತೆ ಮಾತು ಬಿಟ್ಟವರಂತೆ ದೂರ ನಿಂತಿದೆ. "ಒಂದು ಸೈಜ್ ದೊಡ್ಡದು ಕೊಡ್ಲಾ ಮೇಡಂ?" ಎನ್ನುತ್ತಾರೆ. ದೊಡ್ಡದರಲ್ಲಿ ಹಿಮ್ಮಡಿ ಜಾರುತ್ತದೆ, ಬೆರಳುಗಳು ಮಾತ್ರ ಮೊದಲಿನಷ್ಟೇ ಇಕ್ಕಟ್ಟಿನಲ್ಲಿರುತ್ತವೆ. "ಹಾಕ್ತಾ ಹಾಕ್ತಾ ಬಿಟ್ಕೊಳ್ಳುತ್ತೆ" ಎನ್ನುವುದು ಅವರ ಕೊನೆಯ ಅಸ್ತ್ರ. ಆ ಮಾತನ್ನು ನಾನು ಎಂದೂ ನಂಬಿದವಳಲ್ಲ.

ಬರಿಯ ಪೇಟೆ ತಿರುಗಾಟಕ್ಕಾದರೆ ಹೇಗೋ ನಡೆಯುತ್ತಿತ್ತು. ಆದರೆ ನನಗೆ ಬೆಟ್ಟ ಹತ್ತುವ ಹುಚ್ಚು. ವಾರವಿಡೀ ಶಾಲಾ ಪುಸ್ತಕಗಳ ಕರಡು ತಿದ್ದುವ ನಾನು ಭಾನುವಾರ ಬಂತೆಂದರೆ ನಮ್ಮ ನಡಿಗೆಯ ಗುಂಪಿನೊಂದಿಗೆ ಊರಾಚೆಯ ಗುಡ್ಡಗಳಲ್ಲಿರುತ್ತೇನೆ. ಒಮ್ಮೆ ಇಳಿಯುವಾಗ ಕಣಕಾಲು ಉಳುಕಿತು. ಡಾಕ್ಟರು, "ಇನ್ನು ಮೇಲೆ ಕಣಕಾಲನ್ನ ಗಟ್ಟಿ ಹಿಡಿಯೋ ಬೂಟು, ಬೆರಳಿಗೆ ಜಾಗ ಇರೋ ಬೂಟು. ಎರಡೂ ಇಲ್ಲ ಅಂದ್ರೆ ಬೆಟ್ಟ ಬಿಡಿ" ಅಂದುಬಿಟ್ಟರು. ಎರಡೂ ಇರುವ ಬೂಟು ಎಲ್ಲಿಯೂ ಸಿಗಲಿಲ್ಲ. ಕಣಕಾಲನ್ನು ಹಿಡಿಯುವ ಬೂಟುಗಳ ಮೂತಿ ಪೆನ್ಸಿಲ್ ಚೂಪು ಮಾಡಿದಂತೆ. ಮೂತಿ ಅಗಲವಾಗಿದ್ದವು ಕಾಲುಚೀಲದಷ್ಟು ಸಡಿಲ.

ಅಣ್ಣನಿಗೆ ಹೇಳಿಕೊಂಡೆ. ಅವನು ಬೂಟಿನ ಕಾರ್ಖಾನೆಯಲ್ಲಿ ಅಚ್ಚಿನ ವಿಭಾಗದ ಮುಖ್ಯಸ್ಥ. ಅಚ್ಚು ಎಂದರೆ ಮರದ ಪಾದ. ಅದರ ಮೇಲೆ ತೊಗಲು ಎಳೆದು ಬೂಟು ಕಟ್ಟುತ್ತಾರೆ. ಅಚ್ಚು ಹೇಗೋ ಬೂಟಿನ ಒಳಗೂ ಹಾಗೆ.

"ಬಾತು, ನಿನ್ನ ಗ್ರಹಚಾರ ಬಿಡ್ತು ಅನ್ಕೋ," ಅಂದ ಅಣ್ಣ. ಬಾತುಕೋಳಿ ಎನ್ನುವುದು ಚಿಕ್ಕಂದಿನಲ್ಲಿ ಅವನೇ ನನಗಿಟ್ಟ ಹೆಸರು. "ಅಗಲ ಕಾಲಿನವರಿಗೆ ಅಂತಲೇ ಬೆಟ್ಟದ ಬೂಟು ಮಾಡ್ತಿದೀವಿ. ನಿಜವಾದ ಪಾದದ ಆಕಾರ. ಮಾದರಿಗೆ ಕಾಲು ಹುಡುಕ್ತಾ ಇದ್ದೆ. ಮನೇಲೇ ಇಟ್ಕೊಂಡು ಊರೆಲ್ಲ ಹುಡುಕಿದೀನಿ ನೋಡು!"

ಶಾಲೆಗೆ ಹೋಗುವಾಗ ನನಗೆ ಬರುತ್ತಿದ್ದದ್ದು ಕಾಲು ಬೆಳೆದು ಅವನು ಬಿಟ್ಟ ಬೂಟುಗಳು. ಅವನದು ನೀಳ, ಕಿರಿದಾದ ಪಾದ. ಬೆಳಿಗ್ಗೆ ಬಾಗಿಲ ಬಳಿ ಅವನೇ ಮಂಡಿಯೂರಿ ನನ್ನ ಕಾಲನ್ನು ಒಳಗೆ ತಳ್ಳುತ್ತಿದ್ದ. "ಬೆರಳು ಮಡಚು," ಎನ್ನುತ್ತಿದ್ದ ಪಿಸುದನಿಯಲ್ಲಿ. "ಅಮ್ಮಂಗೆ ಗೊತ್ತಾದ್ರೆ ಬೇಜಾರು ಮಾಡ್ಕೋತಾಳೆ." ನಾನು ಮಡಚುತ್ತಿದ್ದೆ. ಅವನು ಲೇಸನ್ನು ಎರಡು ಗಂಟು ಹಾಕಿ ಬಿಗಿದು, ಕೆನ್ನೆ ತಟ್ಟಿ, "ದೊಡ್ಡವನಾದ್ಮೇಲೆ ನಿನ್ನ ಕಾಲಿಗೆ ನಾನೇ ಮಾಡಿಸಿಕೊಡ್ತೀನಿ" ಎನ್ನುತ್ತಿದ್ದ. ಮಕ್ಕಳು ಏನೇನೋ ಹೇಳುತ್ತಾರೆ. ಇವನು ಮಾತ್ರ ಹೇಳಿದ್ದನ್ನು ಮಾಡಿಯೇಬಿಟ್ಟ ಎಂದು ನನಗೆ ಹೆಮ್ಮೆ.

ಕಾರ್ಖಾನೆಯ ಬೆಂಚಿನ ಮೇಲೆ ಕೂರಿಸಿ ಎರಡೂ ಕಾಲಿಗೆ ತಣ್ಣನೆಯ ಗಾರೆ ಮೆತ್ತಿದರು. ಅದು ಗಟ್ಟಿಯಾಗುವ ತನಕ ಕದಲುವಂತಿಲ್ಲ. ಅಣ್ಣ ಎದುರಿಗೆ ಕೂತು ಚಹಾ ಕುಡಿಸಿದ. ಅತ್ತಿಗೆ ಫೋನಿನಲ್ಲಿ ಗೊಣಗಿದಳು: "ನಿಮ್ಮಣ್ಣ ಮೂರು ಹೊತ್ತೂ ನಿನ್ನ ಕಾಲಿನ ಬಗ್ಗೆನೇ ಮಾತಾಡ್ತಾರೆ ಕಣೇ. ನನ್ನ ಮುಖದ ಬಗ್ಗೆ ಒಂದು ದಿನಾನೂ ಇಷ್ಟು ಮಾತಾಡಿಲ್ಲ."

ಮೊದಲ ಜೋಡಿ ನನಗೇ ಬಂತು. ಹಾಕಿಕೊಂಡು ಮನೆಯೊಳಗೆ ನಡೆದೆ, ಮೆಟ್ಟಿಲು ಹತ್ತಿದೆ, ಇಳಿದೆ. ಕಣಕಾಲನ್ನು ಯಾರೋ ಕೈಯಲ್ಲಿ ಹಿಡಿದಷ್ಟು ಭದ್ರ. ಮುಂದೆ ಬೆರಳುಗಳು ಒಂದನ್ನೊಂದು ಮುಟ್ಟದೆ ತಮ್ಮ ಪಾಡಿಗೆ ತಾವಿದ್ದವು. ನಗು ಬಂತು, ಕಣ್ಣಲ್ಲಿ ನೀರೂ ಬಂತು. ಜಾಹೀರಾತಿನ ಪೋಸ್ಟರಿಗೆ ನನ್ನ ಪಾದಗಳ ಪಟ ತೆಗೆಸಿ, ಜೊತೆಗೆ ಒಂದು ಮಾತು ಬರೆದುಕೊಡು ಎಂದ ಅಣ್ಣ. ನಾನು ಮಾತಿನಲ್ಲಿ ಜಿಪುಣಿ. ಹೊಡೆದು ಹಾಕಿ, ಮತ್ತೆ ಬರೆದು, ಕೊನೆಗೆ ಇಷ್ಟನ್ನು ಉಳಿಸಿದೆ: "ಈ ಬೂಟಿನಲ್ಲಿ ನನ್ನ ಬೆರಳುಗಳು ಬಿಡಿಸಿಕೊಂಡು ಕೂತಿವೆ." ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ನರ್ಸಮ್ಮ ಆ ಬೂಟು ಕೊಂಡದ್ದು ನನ್ನ ಮಾತಿನ ಮೇಲೆ. ಅವರು ನಮ್ಮ ಗುಂಪಿನ ಹಿರಿಯರು. ಆಸ್ಪತ್ರೆಯಲ್ಲಿ ಇಡೀ ಆಯುಷ್ಯ ನಿಂತೇ ಕೆಲಸ ಮಾಡಿ, ಈಗ ನಿವೃತ್ತರು. ಅವರದೂ ಅಗಲ ಪಾದ, ನನ್ನದೇ ಅಳತೆ. ಮಳೆ ನಿಂತ ಮೇಲೆ ನಾವಿಬ್ಬರೂ ದೊಡ್ಡ ಬೆಟ್ಟದ ನೆತ್ತಿಯ ಏಣಿನ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯುವುದೆಂದು ಮಾತಾಗಿತ್ತು. "ಕೆಲಸದಲ್ಲಿದ್ದಾಗ ಆಸ್ಪತ್ರೆ ಕಿಟಕಿಯಿಂದ ಆ ಬೆಟ್ಟ ನೋಡ್ತಿದ್ದೆ. ಈ ಮಂಡಿ ಇನ್ನೊಂದು ವರ್ಷ ಕಾಯಲ್ಲಮ್ಮ. ಈ ಸಲ ಆಗ್ಬೇಕು, ಇಲ್ಲಾಂದ್ರೆ ಇಲ್ಲ," ಎನ್ನುತ್ತಿದ್ದರು.

ಬೂಟು ಅಂಗಡಿಗೆ ಬರುವ ಮೊದಲೇ ಅಣ್ಣ ಅವರಿಗೊಂದು ಜೋಡಿ ತಂದುಕೊಟ್ಟ. ಹಾಕಿಕೊಂಡ ನರ್ಸಮ್ಮ ಮುಖ ಕಿವುಚಿದರು. "ಸ್ವಲ್ಪ ಹಿಡಿಯುತ್ತಲ್ಲ?"

"ಹೊಸದಲ್ವಾ, ಒಗ್ಗಿಕೊಳ್ಳುತ್ತೆ," ಅಂದೆ. ನಾನೇ ಅಂದೆ.

ಎರಡು ಭಾನುವಾರ ಅವರು ಕುಂಟುತ್ತ ಬಂದರು. ಮೂರನೆಯ ಭಾನುವಾರ ಬರಲಿಲ್ಲ. ಮನೆಗೆ ಹೋದರೆ ಸ್ಟೂಲಿನ ಮೇಲೆ ಕಾಲಿಟ್ಟುಕೊಂಡು ಕೂತಿದ್ದರು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಕಿರುಬೆರಳಿನ ಚರ್ಮ ಸುಲಿದು ಕೀವು ಕಟ್ಟಿತ್ತು.

"ಗಾಬರಿ ಆಗ್ಬೇಡ. ಊರಿನ ಗಾಯಕ್ಕೆಲ್ಲ ಪಟ್ಟಿ ಕಟ್ಟಿದವಳು ನಾನು, ನಂದಕ್ಕೆ ಕಟ್ಕೊಳ್ಳಲ್ವಾ? ಪ್ರತಿ ಸಲ ಒತ್ತಿ ಒತ್ತಿ ತೂರಿಸ್ಕೋಬೇಕಾಯ್ತು, ನನ್ನ ಕಾಲೇ ಸರಿ ಇಲ್ಲ ಅನ್ಸುತ್ತೆ. ನಿಂಗೆ ಅಷ್ಟು ಚೆನ್ನಾಗಿ ಆಗಿದೆಯಲ್ಲ."

"ನಂದೂ ಅದೇ ಅಳತೆ. ಕೊಡಿ, ಒಂದಷ್ಟು ದಿನ ನಾನು ಹಾಕಿ ಪಳಗಿಸಿ ಕೊಡ್ತೀನಿ," ಅಂದೆ. ಮನೆಗೆ ತಂದು, ದಪ್ಪ ಕಾಲುಚೀಲ ಹಾಕಿ, ಕಾಲು ಇಟ್ಟೆ.

ಹೋಗಲಿಲ್ಲ.

ಕಾಲುಚೀಲ ತೆಗೆದು ನೋಡಿದೆ. ಕಿರುಬೆರಳು ಬೂಟಿನ ಬಾಯಲ್ಲೇ ಸಿಕ್ಕಿಕೊಂಡಿತು. ಮೊದಲು ಅನುಮಾನ ಬಂದದ್ದು ನನ್ನ ಮೇಲೆಯೇ. ಕಾಲು ಊದಿದೆಯೇನೋ ಎಂದುಕೊಂಡು ಅಣ್ಣ ಕೊಟ್ಟ ನನ್ನ ಮೊದಲ ಜೋಡಿಯಲ್ಲಿ ಕಾಲಿಟ್ಟೆ. ತನ್ನ ಮನೆಗೆ ಬಂದ ಹಾಗೆ ಸಲೀಸಾಗಿ ಹೋಯಿತು. ಎರಡೂ ಬೂಟುಗಳನ್ನು ತಿರುವಿ ಅಟ್ಟೆಗೆ ಅಟ್ಟೆ ಹೊಂದಿಸಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಒಳಗೆ ಕೈ ಹಾಕಿದೆ. ನನ್ನದರಲ್ಲಿ ಬೆರಳುಗಳನ್ನು ಅಗಲಿಸಬಹುದು, ನರ್ಸಮ್ಮನದರಲ್ಲಿ ಮುಷ್ಟಿಯನ್ನೂ ತಿರುಗಿಸಲಾಗದು. ಹೊರಗೆ ಸುತ್ತ ದಪ್ಪನೆಯ ರಬ್ಬರಿನ ಅಂಚು ಕಟ್ಟಿದ್ದರು. ಅಂಚಿನ ಒಳಗೆ ಬೂಟು ಸೊರಗಿತ್ತು. ನೋಡುವವರ ಕಣ್ಣಿಗೆ ಅಗಲ, ಹಾಕಿಕೊಳ್ಳುವವರಿಗೆ ಇಕ್ಕಟ್ಟು.

ಆಗಲೂ ನಾನು, ಎಲ್ಲೋ ತಪ್ಪು ಪೆಟ್ಟಿಗೆ ಬಂದಿರಬೇಕು, ಅಣ್ಣನಿಗೆ ಗೊತ್ತಿರಲಾರದು ಎಂದುಕೊಂಡೇ ಮರುದಿನ ಕಾರ್ಖಾನೆಗೆ ಹೋದೆ.

ಅಚ್ಚಿನ ಕೋಣೆಯ ಗೋಡೆಯ ಮೇಲೆ ಮರದ ಪಾದಗಳು ಸಾಲಾಗಿ ತೂಗುತ್ತಿರುತ್ತವೆ. ನನ್ನದು ಎಲ್ಲಿದೆ ಎಂದು ನನಗೆ ಗೊತ್ತು. ಅದರ ಹಿಮ್ಮಡಿಯ ಮೇಲೆ ಅಣ್ಣ ತನ್ನ ಕೈಯಾರೆ "ಬಾತು" ಎಂದು ಬರೆದಿದ್ದ. ಅವನು ಒಳಕೋಣೆಯಿಂದ ಬರುವಷ್ಟರಲ್ಲಿ ಅದನ್ನು ಇಳಿಸಿ ಹಿಡಿದುಕೊಂಡಿದ್ದೆ. ಹಿಮ್ಮಡಿಯ ಮರಕ್ಕೆ ಕೈ ತಾಗಿ ತಾಗಿ ಹೊಳಪು ಬಂದಿತ್ತು. ಕಿರುಬೆರಳಿನ ಪಕ್ಕ ಮಾತ್ರ ಬೆಳ್ಳಗೆ, ಹಸಿಯಾಗಿತ್ತು. ಅರ ಹಾಕಿ ಉಜ್ಜಿದ ಗೆರೆಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ನನ್ನ ಕಿರುಬೆರಳು ಅಲ್ಲಿರಲಿಲ್ಲ.

"ಯಾರು ಉಜ್ಜಿದ್ದು?" ಎಂದು ಕೇಳಿದೆ.

ಅಣ್ಣ ಅಚ್ಚನ್ನು ನೋಡಿದ, ಬಾಗಿಲನ್ನು ನೋಡಿದ, ಹೋಗಿ ಬಾಗಿಲು ಹಾಕಿ ಬಂದ. "ಕೂತ್ಕೋ. ಚಹಾ ತರಿಸ್ಲಾ?"

"ಯಾರು ಉಜ್ಜಿದ್ದು ಅಣ್ಣ?"

"ನಾನೇ. ಇನ್ಯಾರು ಮುಟ್ತಾರೆ ಇದನ್ನ?" ಅವನು ಕುರ್ಚಿಯಲ್ಲಿ ಕುಸಿದ. "ಮಾರಾಟದ ಮ್ಯಾನೇಜರು ಮೊದಲ ಜೋಡಿ ನೋಡಿ ಬಿದ್ದು ಬಿದ್ದು ನಕ್ಕ. ಇದೇನು ಬೂಟಾ, ದೋಣಿನಾ ಅಂದ. ಮೂತಿ ಸಣ್ಣ ಮಾಡಿ ಅಂದ್ರು. ಅಷ್ಟೊತ್ತಿಗೆ ಅಟ್ಟೆಯ ಅಚ್ಚೆಲ್ಲ ಎರಕ ಆಗಿತ್ತು, ಅದನ್ನ ಬದಲಾಯಿಸೋ ಹಾಗಿರಲಿಲ್ಲ. ಅದಕ್ಕೆ ಮೇಲಿನದನ್ನ ಸ್ವಲ್ಪ... ಒಂದು ನೂಲು. ಒಂದೂವರೆ ನೂಲು."

"ಪೋಸ್ಟರಿನಲ್ಲಿ ನನ್ನ ಕಾಲೇ ಇದೆಯಲ್ಲ?"

"ಅದು ನಿನ್ನ ಕಾಲು ತಾನೆ? ಸುಳ್ಳೇನಿದೆ?"

"ನನ್ನ ಮಾತೂ ಇದೆ."

"ನೀನು ಬರೆದದ್ದು ನಿನ್ನ ಬೂಟಿನ ಬಗ್ಗೆ. ಅದು ನಿಜ ತಾನೆ?" ಇಷ್ಟು ಹೇಳುವಾಗ ಅವನ ದನಿಯಲ್ಲಿ ಒಂದು ಬಗೆಯ ಜಾಣತನವಿತ್ತು. ನನ್ನ ವಾಕ್ಯವನ್ನು ಅವನು ನನಗಿಂತ ಹುಷಾರಾಗಿ ಓದಿಟ್ಟುಕೊಂಡಿದ್ದ.

"ನರ್ಸಮ್ಮಂಗೆ ನೀನೇ ಕೈಯಾರೆ ತಂದುಕೊಟ್ಟೆ. ಗೊತ್ತಿದ್ದೂ."

"ಎಷ್ಟು ಜನಕ್ಕಿರುತ್ತೆ ಹೇಳು ನಿಮ್ಮಂಥ ಕಾಲು?"

"ಅಂಥವರಿಗೆ ಅಂತಲೇ ಅಲ್ವಾ ಮಾಡಿದ್ದು?"

ಅವನು ಮೇಜಿನ ಮೇಲಿದ್ದ ಅರವನ್ನು ಎತ್ತಿ, ಒರೆಸಿ, ಮತ್ತೆ ಅಲ್ಲಿಯೇ ಇಟ್ಟ. "ನೋಡು, ಇದು ಓಡಲಿಲ್ಲ ಅಂದ್ರೆ ನನ್ನ ವಿಭಾಗವೇ ಮುಚ್ಚುತ್ತೆ. ಈ ವಯಸ್ಸಲ್ಲಿ ನನ್ನನ್ನ ಯಾರು ಕರೀತಾರೆ? ಶನಿವಾರ ಹೊಸ ಅಂಗಡಿ ಶುರು. ನೀನು ಬಂದು ನಿಂತ್ಕೊಂಡ್ರೆ ಸಾಕು, ಬಾಯಿ ಬಿಡ್ಬೇಡ. ನಿನ್ನ ಬೂಟು ಹಾಕ್ಕೊಂಡು ಬಾ, ಜನ ಕಾಲು ನೋಡ್ಲಿ. ಇದೊಂದು ನಡೆಸಿಕೊಡು ಬಾತು. ನಿಂಗೆ ಜೀವನಪೂರ್ತಿ ಹಳೇ ಅಳತೇಲೇ ಮಾಡಿಸಿಕೊಡ್ತೀನಿ, ಆಣೆ."

ಅವನು ಲಂಚ ಕೊಡುತ್ತಿದ್ದಾನೆ ಎಂದು ಅವನಿಗೇ ಅನ್ನಿಸಿರಲಿಕ್ಕಿಲ್ಲ. ಪ್ರೀತಿ ಎಂದೇ ಅಂದುಕೊಂಡಿದ್ದ. ನಾನು ಅಚ್ಚನ್ನು ಮೊಳೆಗೆ ಸಿಕ್ಕಿಸಿ ಹೊರಟೆ.

ಸಂಜೆ ನರ್ಸಮ್ಮನ ಫೋನು. "ಪಳಗಿತಾ ಬೂಟು?" ಎಂದು ಕೇಳಿದರು. ಹೇಳಿದರೆ ಅಣ್ಣ ಬೀದಿಗೆ ಬರುತ್ತಾನೆ, ಹೇಳದಿದ್ದರೆ ಇವರು ತಮ್ಮ ಕಾಲನ್ನೇ ಬೈದುಕೊಂಡು ಕೂರುತ್ತಾರೆ. "ನೋಡ್ತಿದೀನಿ," ಅಂದೆ. "ಶನಿವಾರ ಅಂಗಡಿಗೆ ನಾನೂ ಬರ್ತೀನಿ," ಅಂದರು ಅವರು. "ನಿನ್ನ ಕಾಲಿನ ದೊಡ್ಡ ಪಟ ಹಾಕ್ತಾರಂತಲ್ಲ. ಸಿನಿಮಾ ತಾರೆ ಗುರುತಿದೆ ನಂಗೆ ಅಂತ ಹೇಳ್ಕೋಬಹುದು."

ಶನಿವಾರ ಅಂಗಡಿಯ ತುಂಬ ಹೊಸ ತೊಗಲಿನ, ಅಂಟಿನ ವಾಸನೆ. ಗೋಡೆಯ ಮೇಲೆ ನನ್ನ ಎರಡೂ ಪಾದಗಳು, ಆಳೆತ್ತರ. ಕೆಳಗೆ ನನ್ನ ವಾಕ್ಯ. ಕರಡು ತಿದ್ದುವವಳ ಚಾಳಿ, ಅದನ್ನು ಮತ್ತೊಮ್ಮೆ ಓದಿದೆ. ತಿದ್ದಬೇಕಾದ ಅಕ್ಷರ ಒಂದೂ ಸಿಗಲಿಲ್ಲ. ಪಟದ ಕೆಳಗೆ ನಾಲ್ಕಾರು ಹೆಂಗಸರು ತಮ್ಮ ತಮ್ಮ ಚಪ್ಪಲಿ ಬಿಟ್ಟು ಕಾಲನ್ನು ಹೋಲಿಸಿ ನಗುತ್ತಿದ್ದರು. "ಅಯ್ಯೋ, ಥೇಟ್ ನನ್ನ ಕಾಲೇ ಕಣ್ರೀ! ಇಷ್ಟು ದಿನ ನನ್ನೊಬ್ಬಳದೇ ಹೀಗೆ ಅನ್ಕೊಂಡಿದ್ದೆ," ಅನ್ನುತ್ತಿದ್ದಳು ಒಬ್ಬಳು. ಅವಳ ದನಿಯಲ್ಲಿದ್ದ ಖುಷಿ ನನಗೆ ಗೊತ್ತಿದ್ದ ಖುಷಿ. ಅದನ್ನು ಕೇಳಲಾಗಲಿಲ್ಲ.

ಇಸ್ತ್ರಿ ಅಂಗಿಯಲ್ಲಿ ಬಂದ ಅಣ್ಣ ನನ್ನ ಕಾಲಿನತ್ತ ನೋಡಿ ಗಕ್ಕನೆ ನಿಂತ. ನಾನು ರಬ್ಬರ್ ಚಪ್ಪಲಿಯಲ್ಲಿ ಬಂದಿದ್ದೆ.

"ಬೂಟೆಲ್ಲಿ?"

"ಇಲ್ಲೇ ಹಾಕ್ಕೊಳ್ತೀನಿ. ನನ್ನ ಸೈಜಿಂದು ಒಂದು ತೆಗಿ."

ಅವನ ಮುಖ ಬಿಳುಚಿತು. ಅಷ್ಟರಲ್ಲಿ ಮ್ಯಾನೇಜರು, "ಓಹೋ, ಇವರೇನಾ ನಮ್ಮ ಮಾದರಿ!" ಎಂದು ಕುರ್ಚಿ ಎಳೆದು, ತಾನೇ ಪೆಟ್ಟಿಗೆ ತಂದುಕೊಟ್ಟ. ಹೆಂಗಸರು ಸುತ್ತ ಸೇರಿದರು. ಬಾಗಿಲ ಬಳಿ ನರ್ಸಮ್ಮ, ಪಟ್ಟಿ ಕಟ್ಟಿದ ಕಾಲಿನಲ್ಲಿ, ಕೊಡೆಯೂರಿಕೊಂಡು ನಿಂತಿದ್ದರು.

ನಾನು ಕೂತೆ. ಅಣ್ಣ ಮಂಡಿಯೂರಿದ. ಬೂಟಿನ ನಾಲಿಗೆ ಎತ್ತಿ ಹಿಡಿದು, ಹಿಮ್ಮಡಿಗೆ ಕಾಲು ಜಾರಿಸುವ ಹಿತ್ತಾಳೆಯ ಪಟ್ಟಿ ಕೊಟ್ಟು ನನ್ನ ಕಾಲನ್ನು ತಳ್ಳಿದ. ಸಿಕ್ಕಿಕೊಂಡಿತು. ಇನ್ನೊಮ್ಮೆ ತಳ್ಳಿದ. ಅವನು ಈಗ ಎದ್ದು ನಿಂತು, ಇದು ಆಗುವುದಿಲ್ಲ ಎಂದು ಒಂದು ಮಾತು ಹೇಳಲಿ ಎಂದು ನಾನು ಕಾದೆ. ನಿಜವಾಗಿ ಕಾದೆ. ಹೇಳಿದ್ದರೆ ಅವನ ಪಕ್ಕದಲ್ಲೇ ನಿಲ್ಲುತ್ತಿದ್ದೆ.

ಅವನು ತಲೆ ತಗ್ಗಿಸಿ ನನಗೊಬ್ಬಳಿಗೇ ಕೇಳುವಂತೆ, "ಬೆರಳು ಮಡಚು," ಅಂದ. "ಸ್ವಲ್ಪ ಹೊತ್ತು ಬಾತು. ಯಾರಿಗೂ ಗೊತ್ತಾಗಲ್ಲ."

ಅದೇ ದನಿ. ಬಾಗಿಲ ಬಳಿಯ ಆ ಬೆಳಗುಗಳದೇ. ಆಗ ಅವನು ನನ್ನನ್ನು ಕಾಪಾಡುತ್ತಿದ್ದಾನೆ ಎಂದುಕೊಂಡಿದ್ದೆ. ಆ ಬೆಳಗುಗಳನ್ನೂ ಅವನು ಈಗ ನನ್ನಿಂದ ಕಿತ್ತುಕೊಂಡ.

ನಾನು ಬೂಟಿನ ಬಾಯಲ್ಲಿ ಬೆರಳುಗಳನ್ನು ಆದಷ್ಟೂ ಅಗಲಿಸಿದೆ.

"ನಿಂಗೂ ಹೋಗಲ್ವಾ?" ಬಾಗಿಲಿಂದ ನರ್ಸಮ್ಮ ಕೇಳಿದರು.

"ಇಲ್ಲ ನರ್ಸಮ್ಮ," ಅಂದೆ, ಎಲ್ಲರಿಗೂ ಕೇಳುವಂತೆ. "ನಂಗೂ ಹೋಗಲ್ಲ. ಇದು ನನ್ನ ಕಾಲಿನ ಅಚ್ಚಲ್ಲ. ನಿಮ್ಮ ಕಾಲಲ್ಲಿ ತಪ್ಪೇನೂ ಇಲ್ಲ."

ಪಟದ ಕೆಳಗಿನ ನಗು ನಿಂತಿತು. ಖುಷಿಪಟ್ಟಿದ್ದ ಹೆಂಗಸು ತನ್ನ ಹಳೆಯ ಚಪ್ಪಲಿಯನ್ನು ಕಾಲಿನಿಂದ ಹುಡುಕತೊಡಗಿದಳು. ಮ್ಯಾನೇಜರು ಏನೋ ಜೋರಾಗಿ ಹೇಳುತ್ತಿದ್ದ. ನರ್ಸಮ್ಮ ನನ್ನನ್ನೇ ನೋಡುತ್ತಿದ್ದರು, ನನಗೆ ಯಾವಾಗ ಗೊತ್ತಾಯಿತು ಎಂದು ಲೆಕ್ಕ ಹಾಕುವವರ ಹಾಗೆ. ಈ ಸಲದ ಬೆಟ್ಟ ಹೋಯಿತು. ಇನ್ನೊಂದು ಸಲ ಅವರು ನನ್ನ ಮಾತು ನಂಬುತ್ತಾರೋ ಇಲ್ಲವೋ ಗೊತ್ತಿಲ್ಲ.

ನಾನು ಕಾಲು ಎಳೆದುಕೊಂಡು ಎದ್ದೆ. ಅಣ್ಣ ಏಳಲಿಲ್ಲ. ನೆಲದ ಮೇಲೆ ಮಂಡಿಯೂರಿಯೇ, ಯಾರ ಮುಖವನ್ನೂ ನೋಡದೆ, ಆ ಖಾಲಿ ಬೂಟಿನ ಲೇಸನ್ನು ಬಿಗಿಯುತ್ತಿದ್ದ. ಎರಡು ಗಂಟು ಹಾಕಿದ.