ಪಾದರಸದ ‘ಬಿಡೇ’

“ಪೂರ್ತಿ ನಿಜ ಕಣ್ರೇ” ಎಂದು ನಾನು ಬಾಯಿ ತೆರೆದರೆ ನಮ್ಮ ಲಾಂಡ್ರಿಯಲ್ಲಿ ಅರ್ಧ ಜನ ಎದ್ದು ಹೋಗುತ್ತಾರೆ. ಇದು ಮಾತ್ರ ಪೂರ್ತಿ ನಿಜ.

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಹಾಸಿಗೆ ಹೊದಿಕೆ ಒಗೆಯುವ ಹೆಂಗಸರದೇ ಒಂದು ಹಾಕಿ ತಂಡ. ಒದ್ದೆ ಬಟ್ಟೆ ಹಿಂಡಿ ಹಿಂಡಿ ನಮ್ಮ ಮಣಿಕಟ್ಟು ಗಟ್ಟಿ. ಗೋಲು ಕಾಯುವವಳು ನಾನು, ಹೊಡೆಯುವವಳು ಪಾದರಸ. ಅವಳ ಓಟ ನೋಡಿ ಇಟ್ಟ ಹೆಸರು. ಚೆಂಡು ಯಾರ ಬಳಿಯೇ ಇರಲಿ, ಬಲಬದಿಯಿಂದ ಅವಳ ಮೂಗುದನಿ ಬರುತ್ತಿತ್ತು: “ಬಿಡೇ!” ನಾವು ಬಿಡುತ್ತಿದ್ದೆವು, ಅವಳು ಗೋಲು ಹೊಡೆಯುತ್ತಿದ್ದಳು. ತಂಡದ ತಂತ್ರವೆಲ್ಲ ಈ ಎರಡಕ್ಷರದಲ್ಲಿತ್ತು.

ಫೈನಲ್ಲು ಹತ್ತಿರ ಬಂದಾಗ ಅವಳು ಸೋಪುನೀರಿನ ಮೇಲೆ ಜಾರಿದಳು. ಪಾದ ಮುರಿಯಿತು, ರಸವಷ್ಟೇ ಉಳಿಯಿತು. ಅವಳ ಪಾಲಿಗಿನ್ನು ಒಂದೇ ಗೋಲು, ಊರುಗೋಲು.

ಆ ಜಾಗಕ್ಕೆ ಬಂದವಳು ಅವಳ ನಾದಿನಿ, ಇಸ್ತ್ರಿ ಮಾಡುವ ಮಿತಭಾಷಿ. ಕೈ ಚುರುಕು. ಆದರೆ ಗೋಲಿನೆದುರು ಚೆಂಡು ಸಿಕ್ಕ ಕೂಡಲೇ ಬಲಕ್ಕೆ ತಿರುಗಿ, ಅಲ್ಲಿಲ್ಲದ ಅತ್ತಿಗೆಗೆ ಪಾಸು ಕೊಟ್ಟುಬಿಡುತ್ತಿದ್ದಳು. ಅವಳೊಬ್ಬಳೇ ಏನಲ್ಲ, ಎಲ್ಲರಿಗೂ ಅದೇ ಚಾಳಿ. ಗೋಲು ಹೋಗಿ ಗೋಳು ಉಳಿಯಿತು.

ಅಭ್ಯಾಸದಲ್ಲಿ ಒಮ್ಮೆ ಅವಳು ಹೇಗೋ ಧೈರ್ಯ ಮಾಡಿ ಸ್ಟಿಕ್ಕು ಎತ್ತಿದಳು. ನನ್ನ ನಾಲಗೆ ಸುಮ್ಮನಿರಬೇಕಲ್ಲ! ಪಾದರಸದ ಮೂಗುದನಿಯಲ್ಲಿ “ಬಿಡೇ” ಎಂದೆ. ಎತ್ತಿದ ಸ್ಟಿಕ್ಕು ಹಾಗೇ ನಿಂತಿತು, ಚೆಂಡು ಉರುಳಿಕೊಂಡು ಹೋಯಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು, ಅವಳನ್ನು ಬಿಟ್ಟು. ಫೈನಲ್ಲಿನಲ್ಲೂ ಹೀಗಾದರೆ ಇನ್ನು ಸ್ಟಿಕ್ಕು ಮುಟ್ಟುವುದಿಲ್ಲವೆಂದು ಮನೆಯಲ್ಲಿ ಹೇಳಿದಳಂತೆ.

ಮರುದಿನ ಪಾದರಸ ಕುಂಟುತ್ತ ಮೈದಾನಕ್ಕೆ ಬಂದಳು. ನನಗೆ ಮಂಗಳಾರತಿ ಕಾದಿದೆ ಎಂದುಕೊಂಡೆ. ಅವಳು ನನ್ನತ್ತ ನೋಡಲೂ ಇಲ್ಲ, ನಾದಿನಿಯನ್ನು ಪಕ್ಕ ಕೂರಿಸಿಕೊಂಡಳು.

“ಬಿಡೇ ಅಂದ್ರೆ ಚೆಂಡು ನಂಗೆ ಬಿಡು ಅಂತ ನಿಂಗ್ಯಾರೇ ಹೇಳಿದ್ದು?”

“ಮತ್ತಿನ್ನೇನು ಅತ್ತಿಗೆ?”

“ಒಂದೇಟು ಬಿಡೇ ಅಂತ. ನೀವ್ಯಾರೂ ಬಿಡ್ತಿರಲಿಲ್ಲ, ಅದಕ್ಕೇ ನಾನೇ ಓಡಿ ಬಂದು ಹೊಡೀತಿದ್ದೆ.”

ಸುಳ್ಳು. ಆ ವಿಷಯದಲ್ಲಿ ನಾನು ಪಳಗಿದವಳು, ಕೂಡಲೇ ಗೊತ್ತಾಯಿತು. ಆದರೆ ಅಷ್ಟು ಸೊಗಸಾದ ಸುಳ್ಳು ನನ್ನ ಬಾಯಲ್ಲಿ ಎಂದೂ ಹುಟ್ಟಿಲ್ಲ. ತನ್ನದೇ ಕೂಗನ್ನು ಬಿಚ್ಚಿ, ನಾದಿನಿಯ ಅಳತೆಗೆ ಹೊಲಿದು ಕೊಟ್ಟಿದ್ದಳು.

ಫೈನಲ್ಲು ಮೇಲಿನ ಮಹಡಿಯ ನರ್ಸುಗಳ ಎದುರು. ಅವರ ಬಿಳಿ ಅಂಗಿಯ ಕಲೆಯೆಲ್ಲ ನಮಗೆ ಗೊತ್ತು, ನಮ್ಮ ಆಟದ ಕಲೆಯೆಲ್ಲ ಅವರಿಗೆ ಗೊತ್ತು. ಆದರೂ ಅವತ್ತು ನಮ್ಮವರು ಆಡಿದ್ದೇ ಬೇರೆ. ಒಬ್ಬಳನ್ನೇ ನೆಚ್ಚಿಕೊಂಡಿದ್ದವರು ಒಬ್ಬರಿಗೊಬ್ಬರು ಒದಗಿಬಂದರು. ಬಾಯ್ಲರ್ ನೋಡಿಕೊಳ್ಳುವ ದೊಡ್ಡಕ್ಕನಂತೂ ಉಸಿರು ಸಿಗದಿದ್ದರೂ ಇಡೀ ಮೈದಾನ ಓಡಿದಳು.

ಆಟ ಮುಗಿಯುವ ಹೊತ್ತಾದರೂ ಗೋಲಿಲ್ಲ. ಚೆಂಡು ನಾದಿನಿಗೆ ಸಿಕ್ಕಿತು. ಎದುರಿಗೆ ವಾರ್ಡಿನ ಹೆಡ್ ಸಿಸ್ಟರು ಬೀರುವಿನಂತೆ ಅಡ್ಡ ನಿಂತಿದ್ದಾರೆ. ಅಷ್ಟರಲ್ಲಿ ಅದೇ ಮೂಗುದನಿ:

“ಬಿಡೇ!”

ಬೀರು ಬಲಬದಿಗೆ ಜಿಗಿಯಿತು. ನಾನೂ ಅತ್ತ ತಿರುಗಿದೆ. ಈ ಪುಣ್ಯಾತ್ಗಿತ್ತಿ ಪ್ಲಾಸ್ಟರು ಸಮೇತ ಮೈದಾನಕ್ಕೆ ಇಳಿದಳೋ ಏನೋ! ಇಲ್ಲ, ಗೆರೆಯಾಚೆ ಮುರಿದ ಕಾಲನ್ನು ಬಕೆಟ್ಟಿನ ಮೇಲಿಟ್ಟುಕೊಂಡು ಕೂತಿದ್ದಾಳೆ, ಬಾಯಿ ತುಂಬ ಕಿತ್ತಳೆ. ಮತ್ತೆ ಕೂಗಿದ್ದು ಯಾರು ಎನ್ನುವಷ್ಟರಲ್ಲಿ ಆ ತುದಿಯಲ್ಲಿ ಗೋಲಿನ ಹಲಗೆ ಧಡ್ ಎಂದಿತು.

ಗೆದ್ದ ಮೇಲೆ ನಾದಿನಿಯನ್ನು ಹಿಡಿದು ನಿಲ್ಲಿಸಿದೆ. “ಯಾರೇ ಕೂಗಿದ್ದು?”

ಅವಳು ಸೊಂಟಕ್ಕೆ ಕೈ ಕೊಟ್ಟು, ಕತ್ತು ಓರೆ ಮಾಡಿ, ನನ್ನದೇ ಒಡಕು ಗಂಟಲಿನಲ್ಲಿ ಅಂದಳು: “ಪೂರ್ತಿ ನಿಜ ಕಣ್ರೇ, ಅತ್ತಿಗೇನೇ ಕೂಗಿದ್ದು.”

ನಮ್ಮವರು ನಕ್ಕರು, ಸೋತ ಹೆಡ್ ಸಿಸ್ಟರೂ ನಕ್ಕರು. ಆದರೆ ಎಲ್ಲರ ದನಿಯನ್ನೂ ಮೀರಿ ನಕ್ಕವಳು, ಆ ಒಂದೇ ಒಂದು ಗೋಲನ್ನೂ ಕಣ್ಣಾರೆ ಕಾಣದೆ ಕಳಕೊಂಡ ನಾನು.