ಸೊಂಟದಲ್ಲೇ ಉಳಿದ ಮೈಕು

ಕುಂದಾಪುರದ ಪಕ್ಕದ ಕೋಡಿ ಊರಿನಲ್ಲಿ ಬಾಗಿಯ ಬಾಯಿಗೆ ಹೆದರದ ಗಂಡಸಿಲ್ಲ. ಮೂವತ್ತು ವರ್ಷ ಮಾರ್ಕೆಟ್ಟಿನಲ್ಲೂ ಮನೆಮನೆಯಲ್ಲೂ ಮೀನು ಮಾರಿ ಪಳಗಿದ ಬಾಯಿ, ಸುಮ್ಮನೆ ಬಂದದ್ದಲ್ಲ. ಅಂಥವಳು ಪ್ರಣೀತಾಳ ಲ್ಯಾಪ್‌ಟಾಪಿನ ಎದುರು ಉಸಿರೆತ್ತದೆ ಕೂತಿದ್ದಳು ಅಂದರೆ ಯಾರು ನಂಬಬೇಕು ಹೇಳಿ?

ಪ್ರಣೀತಾ ತೆಕ್ಕಟ್ಟೆಯ ಹುಡುಗಿ, ಸಾಕ್ಷ್ಯಚಿತ್ರ ಮಾಡುವವಳು. ನಾಡದೋಣಿಯವರಿಗೂ ಲೈಟ್ ಹಾಕಿ ಮೀನು ಬಾಚುವ ದೊಡ್ಡ ಬೋಟಿನವರಿಗೂ ನಡೆದ ಜಗಳವನ್ನು ಒಂದು ವರ್ಷದಿಂದ ಚಿತ್ರ ಮಾಡುತ್ತಿದ್ದಳು. ಆ ಜಗಳದಲ್ಲಿ ಒಂದು ಬೋಟು ಸುಟ್ಟು, ಒಳಗೆ ಮಲಗಿದ್ದ ಕಾವಲುಗಾರ ಮಿಥುನ್ ಸತ್ತಿದ್ದ. ಕುಡಿದು ಬೀಡಿ ಎಸೆದು ತಾನೇ ಸುಟ್ಟುಕೊಂಡ ಅಂತ ಊರೆಲ್ಲ ಸುದ್ದಿ. ಆ ಸುದ್ದಿಯನ್ನು ಮೀನಿನ ಬುಟ್ಟಿಯ ಜೊತೆ ಮನೆಮನೆಗೆ ಹೊತ್ತವಳು ಬಾಗಿಯೇ. ಯಾಕೆ ಹೊತ್ತಳು ಅನ್ನುವುದು ಅವಳಿಗೂ ಅವಳ ಮಗ ವಿಶಾಲನಿಗೂ ಮಾತ್ರ ಗೊತ್ತಿತ್ತು.

ಮಾತಾಡಿಸುವಾಗ ಪ್ರಣೀತಾ ಅವಳ ಸೆರಗಿಗೊಂದು ಮೈಕು, ಸೊಂಟಕ್ಕೆ ಅದರ ಡಬ್ಬಿ ಸಿಕ್ಕಿಸುತ್ತಿದ್ದಳು. ಬೇರೆಯವರಾದರೆ ಆ ಭಾರ ಗೊತ್ತಾಗುತ್ತಿತ್ತು. ಎಲೆಯಡಿಕೆ ಸಂಚಿ ಸಿಕ್ಕಿಸಿ ಸಿಕ್ಕಿಸಿ ಮರಗಟ್ಟಿದ ಸೊಂಟ ಬಾಗಿಯದು. ಒಂದು ದಿನ ಮಾತು ಮುಗಿದದ್ದೇ, ಮೈಕು ಇರುವುದನ್ನೇ ಮರೆತು, ಡಬ್ಬಿ ಸಮೇತ ಹಿತ್ತಲಿಗೆ ಹೋಗಿ, ಬಲೆ ಸರಿಮಾಡುತ್ತಿದ್ದ ಮಗನ ಪಕ್ಕ ಕೂತಳು. ಆವತ್ತಿನ ಪಿಸುಮಾತೇ ಈಗ ಲ್ಯಾಪ್‌ಟಾಪಿನಿಂದ ಬರುತ್ತಿತ್ತು.

"ಬೋಟೊಳ್ಗ್ ಜನ ಇತ್ತ್ ಅಂದೇಳಿ ನಿಂಗ್ ಗೊತ್ತಿರ್ಲಿಲ್ಯಾ ಮಗಾ?"

"ಅಂವ ಕೂಗದ್ದ್ ಕೇಳ್ತ್ ಅಬ್ಬಿ. ಅಷ್ಟೊತ್ತಿಗ್ ನಾ ಬೆಂಕಿ ಹಚ್ಚಿಯಾಯ್ತ್."

ಪ್ರಣೀತಾ ನಿಲ್ಲಿಸಿದಳು. "ಬಾಗಿಯಕ್ಕ, ಇದ್ ನಿಮ್ಗ್ ಗೊತ್ತಿಲ್ದೆ ರೆಕಾರ್ಡ್ ಆದ್ದ್. ಇಡುದಾ ಅಳ್ಸುದಾ, ನೀವೇ ಹೇಳಿ. ಅದ್ಕ್ ಮುಂಚೆ ಇವ್ರನ್ನೊಂದ್ ಸಲ ಕಾಣಿ."

ಪರದೆಯ ಮೇಲೆ ಬ್ರಹ್ಮಾವರದ ರತ್ನ, ಮಿಥುನನ ತಾಯಿ. "ಮಗ ಹೋದ್ದ್ ಒಂದ್ ಸಂಕ್ಟ. ಅವ್ನ್ನ ಕುಡ್ಕ ಅಂದದ್ದ್ ಅದ್ಕಿಂತ ಹೆಚ್ಚ್ ಉರಿತ್ತ್. ಒಂದ್ ಬೀಡಿ ಮುಟ್ದವ್ನಲ್ಲ ಅಂವ. ಕುಡ್ಕನ ತಂಗಿ ಅಂದೇಳಿ ಮಗ್ಳಿಗ್ ಬಂದ ಸಂಬಂಧವೂ ಬಿಟ್ ಹೋಯ್ತ್."

ಕುಡುಕ ಅನ್ನುವ ಮಾತು ಬಾಗಿಯದೇ. ಮೀನು ಕೊಯ್ಯುತ್ತ ಕೊಯ್ಯುತ್ತ ಎಷ್ಟು ಜನರಿಗೆ ಹೇಳಿದ್ದಳೋ, ಲೆಕ್ಕ ಇಟ್ಟವರಾರು? ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಈ ಹೆಗ್ಗಣ ಮನುಷ್ಯನನ್ನೇ ತಿಂದಿತ್ತು, ಆದರೂ ಮುದ್ದು ಹೋಗಲಿಲ್ಲ.

"ಅಳ್ಸ್ ಮಗಾ," ಅಂದಳು.

"ಯೋಚ್ನೆ ಮಾಡಿ ಹೇಳಿ."

"ಯೋಚ್ನೆ ಮಾಡ್ರೆ ನಾನ್ ಬದುಕುಕಿಲ್ಲೆ. ಅಳ್ಸ್."

ಪ್ರಣೀತಾ ಕೊಟ್ಟ ಮಾತಿನಂತೆ ಅಳಿಸಿದಳು. ಆಮೇಲೆ ಬಾಗಿಯ ಮನೆಯಲ್ಲಿ ಅವಳು ಚಹಾ ಕುಡಿಯಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಕುಂದಾಪುರದ ಹಾಲೊಂದರಲ್ಲಿ ಚಿತ್ರ ತೋರಿಸಿದರು. ಕೋಡಿಯ ಅರ್ಧ ಊರೇ ಬಂದಿತ್ತು, ವಿಶಾಲನೂ ಹಿಂದಿನ ಸಾಲಿನಲ್ಲಿದ್ದ. ರತ್ನ ಬಸ್ಸಿನಲ್ಲಿ ಬಂದು, ಖಾಲಿ ಇತ್ತೆಂದು ಬಾಗಿಯ ಪಕ್ಕದ ಕುರ್ಚಿಯಲ್ಲೇ ಕೂತಳು. ರತ್ನಳಿಗೆ ಬಾಗಿಯ ಪರಿಚಯ ಇರಲಿಲ್ಲ, ಆದರೆ ಬಾಗಿ ಅವಳ ಮುಖವನ್ನು ಪ್ರಣೀತಾಳ ಪರದೆಯಲ್ಲಿ ನೋಡಿದ್ದಳು. ಮುಖ ತಿರುಗಿಸಿ ಪರದೆಯನ್ನೇ ನೋಡುತ್ತ ಕೂತಳು.

ಒಂದು ಬೀಡಿ ಮುಟ್ಟಿದವನಲ್ಲ ಅನ್ನುವ ಮಾತು ಬಂದಾಗ ಹಾಲಿಗೆ ಹಾಲೇ ನೆಲ ನೋಡಿತು. ಬಾಗಿಗೆ ತಡೆಯಲಾಗಲಿಲ್ಲ. ಸೆರಗು ಕಚ್ಚಿಕೊಂಡು ಮೈಯೆಲ್ಲ ಅಲುಗುವಂತೆ ಅತ್ತಳು.

ರತ್ನ ಅವಳ ಕೈ ಹಿಡಿದುಕೊಂಡಳು. "ನನ್ ಮಗನಿಗಂದೇಳಿ ಈ ಊರೊಳ್ಗ್ ಅತ್ತದ್ದ್ ನೀವ್ ಒಬ್ರೇ ಅಕ್ಕ. ಅಂವ ಕುಡೂದಿಲ್ಲ ಅಂದೇಳಿ ನೀವಾದ್ರೂ ನಂಬ್ತ್ರಿ ಅಲ್ದಾ?"

ಬಾಗಿ ಹೌದೆಂದು ತಲೆಯಾಡಿಸಿದಳು. ಚಿತ್ರ ಮುಗಿದು ಜನವೆಲ್ಲ ಎದ್ದರೂ ರತ್ನ ಆ ಕೈ ಬಿಡಲಿಲ್ಲ.